ತಾರಸಿಯ ಕ್ಯಾಮೆರಾ ಮತ್ತು ಮುಂಗಾರಿನ ಎರಡು ಗಾಳಿಗಳು

ಬೆಂಗಳೂರಿನ ಮನೆಯೊಂದರ ತಾರಸಿಯಲ್ಲಿ ಉತ್ತರಕ್ಕೆ ಮುಖಮಾಡಿ ಕೂರಿಸಿದ ಸಾಮಾನ್ಯ ವೆಬ್‌ಕ್ಯಾಮೆರಾ, ಜುಲೈ ತಿಂಗಳಲ್ಲಿ ಮೋಡ ಅಲ್ಲಲ್ಲಿ ಹರಿದಿರುವ ದಿನ, ಬರಿಗಣ್ಣಿಗೆ ಸುಲಭವಾಗಿ ಸಿಗದ ಸಂಗತಿಯೊಂದನ್ನು ಹಿಡಿಯಬಲ್ಲದು. ಕೆಳಗಿನ ರಾಶಿಮೋಡಗಳು ಎಡದಿಂದ ಬಲಕ್ಕೆ, ಅಂದರೆ ಪಡುವಣದಿಂದ ಮೂಡಣಕ್ಕೆ ಓಡುತ್ತವೆ. ಅವುಗಳ ಸಂದಿನಲ್ಲಿ ಕಾಣುವ ಹಿಮಕಣ ಮೋಡದ ಎಳೆಗಳು ಬಲದಿಂದ ಎಡಕ್ಕೆ ಸರಿಯುತ್ತವೆ. ದಿನದ ಚಿತ್ರಗಳನ್ನೆಲ್ಲ ಪೋಣಿಸಿದ ಟೈಮ್‌ಲ್ಯಾಪ್ಸ್ ಸಿನಿಮಾದಲ್ಲಿ ಈ ಎದುರುಬದುರು ಓಟ ಎದ್ದು ಕಾಣುತ್ತದೆ. ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಇಲ್ಲಿನ ಪ್ರಶ್ನೆ.

ಎರಡೂ ಗಾಳಿಗಳು ಶಾಸ್ತ್ರಕ್ಕೆ ಪರಿಚಿತ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ, ಸುಮಾರು 14ರಿಂದ 16 ಕಿ.ಮೀ. ಎತ್ತರದಲ್ಲಿ, ಮೂಡಣದಿಂದ ರಭಸವಾಗಿ ಬೀಸುವ ಜೆಟ್ ಗಾಳಿಯನ್ನು ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದರು. ಸಮುದ್ರಮಟ್ಟದಿಂದ ಒಂದೂವರೆ ಕಿ.ಮೀ. ಆಸುಪಾಸಿನಲ್ಲಿ ಹರಿಯುವ ಪಡುವಣ ಜೆಟ್ಟನ್ನು ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ 1966ರಲ್ಲಿ ಗುರುತಿಸಿದರು. ಇಂಥ ಮೇಲ್ಗಾಳಿಯನ್ನು ಅಳೆಯುವ ಬಲೂನುಗಳು ಸಾಮಾನ್ಯವಾಗಿ ದಿನಕ್ಕೆರಡು ಸಲ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಮತ್ತು ಸಂಜೆ 5.30ರ ಸುಮಾರಿಗೆ ಏರುತ್ತವೆ. ನಡುವಿನ ಇಡೀ ಹಗಲು ಮನೆಯ ಕ್ಯಾಮೆರಾದ ಪಾಲಿಗಿದೆ. ಆದರೆ ಅದಕ್ಕೆ ಕಾಣುವುದು ಮೂಡಣ ಜೆಟ್‌ನ ತಿರುಳಲ್ಲ, ಅದರ ಕೆಳಗಿನ ಪದರದ ಮೋಡ ಮಾತ್ರ.

ಮೋಡದ ಚಲನೆಯಿಂದ ಗಾಳಿಯನ್ನು ಓದುವ ಈ ವಿಧಾನಕ್ಕೆ ಗೌರವದ ಪೂರ್ವಿಕರಿದ್ದಾರೆ. ಜಪಾನಿನ ಮಸನಾವೊ ಆಬೆ 1920ರ ದಶಕದ ಕೊನೆಯಿಂದ ಫುಜಿ ಪರ್ವತಕ್ಕೆ ಎದುರಾಗಿ ತಮ್ಮದೇ ವೀಕ್ಷಣಾಲಯ ಇಟ್ಟುಕೊಂಡು, ಶಿಖರದ ಸುತ್ತ ಮೋಡಗಳು ಸುಳಿಯುವ ಬಗೆಯನ್ನು ಸ್ಥಿರಚಿತ್ರದಲ್ಲೂ ಚಲನಚಿತ್ರದಲ್ಲೂ ದಾಖಲಿಸಿದರು.

ಈಗ ಲೆಕ್ಕಕ್ಕೆ ಬರೋಣ. ದಿಗಂತದಿಂದ 30 ಡಿಗ್ರಿ ಮೇಲೆ ಕಾಣುವ ಮೋಡ ತನ್ನ ಎತ್ತರದ ಎರಡರಷ್ಟು ದೂರದಲ್ಲಿರುತ್ತದೆ. ನೆಲದಿಂದ 1.5 ಕಿ.ಮೀ. ಮೇಲೆ ಸೆಕೆಂಡಿಗೆ 15 ಮೀಟರ್ ಸಾಗುವ ರಾಶಿಮೋಡ ಒಂದು ನಿಮಿಷದಲ್ಲಿ 900 ಮೀಟರ್, ಕ್ಯಾಮೆರಾದ ಕಣ್ಣಿಗೆ ಸುಮಾರು 17 ಡಿಗ್ರಿ, ಜರುಗುತ್ತದೆ. 12 ಕಿ.ಮೀ. ಮೇಲೆ ಅದರ ಇಮ್ಮಡಿ ವೇಗದಲ್ಲಿ ಸಾಗುವ ಹಿಮಕಣ ಮೋಡ ಜರುಗುವುದು ಸುಮಾರು 4 ಡಿಗ್ರಿ. ನಿಮಿಷಕ್ಕೊಂದು ಚಿತ್ರ ತೆಗೆಯುವ ವಾಡಿಕೆಯ ತೊಡಕು ಇಲ್ಲಿದೆ. ಒಂದೇ ಗಾತ್ರದ ಮೋಡಗಳು ಕಿಲೋಮೀಟರಿಗೊಂದರಂತೆ ಸಾಲಾಗಿ ಬರುತ್ತಿದ್ದರೆ, ಮುಂದಿನ ಚಿತ್ರದಲ್ಲಿ ಹಿಂದಿನ ಮೋಡ ಬಂದು ನಿಲ್ಲುವುದು ಮೊದಲಿನದು ಇದ್ದ ಜಾಗಕ್ಕಿಂತ 100 ಮೀಟರ್ ಹಿಂದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ, ಹಾಗೆಯೇ ಇಡೀ ಸಾಲು ಪಡುವಣಕ್ಕೆ ತೇಲಿದಂತೆ ತೋರುತ್ತದೆ. ನಾವು ಹುಡುಕುತ್ತಿರುವುದೇ ವಿರುದ್ಧ ದಿಕ್ಕಿನ ಚಲನೆಯಾದ್ದರಿಂದ ಈ ಭ್ರಮೆ ಅಪಾಯಕಾರಿ.

ನಿಮಿಷದ ಅಂತರಕ್ಕೆ ಒಂದು ಸೊಗಸಿದೆ, ಒಪ್ಪುತ್ತೇನೆ: ದಿನಕ್ಕೆ 1,440 ಚಿತ್ರ, ಸೆಕೆಂಡಿಗೆ 24ರಂತೆ ಓಡಿಸಿದರೆ ಸರಿಯಾಗಿ ಒಂದು ನಿಮಿಷದ ಸಿನಿಮಾ, ಅದರ ಒಂದೊಂದು ಸೆಕೆಂಡಿಗೆ ಒಂದೊಂದು ಘಳಿಗೆ. ಆದರೂ ಮುಂಗಾರಿನ ಕೆಳಮೋಡಕ್ಕೆ ಹತ್ತು ಸೆಕೆಂಡಿನ ಅಂತರವೇ ಬೇಕು. ಆಗ ಮೋಡ ಚಿತ್ರದಿಂದ ಚಿತ್ರಕ್ಕೆ ಮೂರು ಡಿಗ್ರಿಯಷ್ಟೇ ಸರಿಯುತ್ತದೆ, ಗುರುತು ತಪ್ಪುವುದಿಲ್ಲ. ಬೆಳಕಿರುವ ಹನ್ನೆರಡೂವರೆ ತಾಸಿಗೆ 4,500 ಚಿತ್ರಗಳು, ಮೂರು ನಿಮಿಷಕ್ಕೆ ತುಸು ಮೇಲ್ಪಟ್ಟ ಸಿನಿಮಾ.

ಉಳಿದ ಶಿಸ್ತು ಸರಳ: ಕ್ಯಾಮೆರಾ ಕದಲಬಾರದು, ಗಡಿಯಾರ ಇಂಟರ್‌ನೆಟ್ ಸಮಯಕ್ಕೆ ಹೊಂದಿರಬೇಕು, ನೆರೆಮನೆಯ ಕಿಟಕಿ ಚೌಕಟ್ಟಿನಲ್ಲಿ ಬರಬಾರದು. ಸಿನಿಮಾ ಸಿದ್ಧವಾಯಿತೆಂದು ಮೂಲ ಚಿತ್ರಗಳನ್ನು ಅಳಿಸುವ ಅಭ್ಯಾಸವನ್ನು ಮಾತ್ರ ಕಟುವಾಗಿ ವಿರೋಧಿಸಬೇಕು. ವಿಡಿಯೋ ಕಡತವನ್ನು ಕುಗ್ಗಿಸುವಾಗ ಮೊದಲು ಮಾಸುವುದು ಮಸುಕಾದ ನವಿರು ಎಳೆಗಳು; ನಮ್ಮ ಹಿಮಕಣ ಮೋಡಗಳು ಅಂಥವೇ.

ಒಂಟಿ ಕ್ಯಾಮೆರಾ ದಿಕ್ಕನ್ನು ಹೇಳೀತು, ಎತ್ತರವನ್ನು ಹೇಳದು. ಎತ್ತರ ತಿಳಿಯದೆ ವೇಗವೂ ಸಿಗದು. ಪೂರ್ವ-ಪಶ್ಚಿಮವಾಗಿ ಒಂದು ಕಿ.ಮೀ. ಅಂತರದ ಎರಡು ಮನೆಗಳು ಒಂದೇ ಕ್ಷಣದಲ್ಲಿ ಚಿತ್ರ ತೆಗೆದರೆ ದಾರಿಯಿದೆ. ಮೇಲಿನ ಲೆಕ್ಕದ ಹಿಮಕಣ ಮೋಡ ಎರಡು ಚಿತ್ರಗಳಲ್ಲಿ 2.4 ಡಿಗ್ರಿಯಷ್ಟು ಬೇರೆ ಜಾಗದಲ್ಲಿ ಕಾಣುತ್ತದೆ. 60 ಡಿಗ್ರಿ ನೋಟವನ್ನು 1,920 ಪಿಕ್ಸೆಲ್‌ಗಳಲ್ಲಿ ಹಿಡಿಯುವ ಕ್ಯಾಮೆರಾದಲ್ಲಿ ಅದು ಸುಮಾರು 75 ಪಿಕ್ಸೆಲ್, ಅಳೆಯಲು ಧಾರಾಳ.