ಸೋತವನಿಗೆ ಮೊದಲ ಸರದಿ

ಒಂದು ತರಗತಿಯನ್ನು ಊಹಿಸಿಕೊಳ್ಳಿ. ವರ್ಷದ ಕೊನೆಯಲ್ಲಿ ಉಪಾಧ್ಯಾಯರು ಒಂದು ಪೆಟ್ಟಿಗೆಯ ತುಂಬ ಪುಸ್ತಕಗಳನ್ನು ತಂದಿಟ್ಟು, “ಯಾರಿಗೆ ಎಲ್ಲರಿಗಿಂತ ಕಡಮೆ ಅಂಕ ಬಂದಿದೆಯೋ ಅವನೇ ಮೊದಲು ಆರಿಸಿಕೊಳ್ಳಲಿ, ಹಿಂದೆ ಬಿದ್ದವನು ಮುಂದಿನ ವರ್ಷವಾದರೂ ಮೇಲೆ ಬಂದಾನು” ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಮರುವರ್ಷ ಒಬ್ಬ ಜಾಣ ಹುಡುಗ, ತನಗೆ ಮೊದಲನೆಯ ಸ್ಥಾನವಂತೂ ಬರುವುದಿಲ್ಲವೆಂದು ಅರಿತು, ಉತ್ತರ ಗೊತ್ತಿದ್ದರೂ ಹಾಳೆಯನ್ನು ಖಾಲಿ ಬಿಟ್ಟು ಎದ್ದು ಬಂದರೆ ಏನು ಮಾಡುವುದು? ಬಹುಕಾಲದಿಂದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿರುವ ನನಗೆ ಈ ಪ್ರಶ್ನೆ ಹೊಳೆದದ್ದು ಶಾಲೆಯಲ್ಲಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟದ ಚರಿತ್ರೆಯನ್ನು ಓದುವಾಗ.

ಈ ಆಟ ಹುಟ್ಟಿದ್ದು ೧೮೯೧ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು, ಚಳಿಗಾಲದಲ್ಲಿ ಹುಡುಗರು ಒಳಗೇ ಆಡಿಕೊಂಡಿರಲೆಂದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಹೊಡೆಸಿ ಚೆಂಡನ್ನು ಅವುಗಳೊಳಕ್ಕೆ ಎಸೆಯಹಚ್ಚಿದರು. ಆ ಆಟ ಬೆಳೆದು ವೃತ್ತಿಯಾಯಿತು. ೧೯೪೬ರಲ್ಲಿ ಸ್ಥಾಪಿತವಾದ ಕೂಟವೇ ಮುಂದೆ ಎನ್.ಬಿ.ಎ. ಎಂದು ಹೆಸರಾಯಿತು. ಈಗ ಅದರಲ್ಲಿ ೩೦ ತಂಡಗಳಿವೆ. ಒಂದೊಂದೂ ವರ್ಷಕ್ಕೆ ೮೨ ಪಂದ್ಯಗಳನ್ನು ಆಡುತ್ತದೆ. ಮೇಲಿನ ೧೬ ತಂಡಗಳು ಪ್ಲೇ ಆಫ್ ಎಂಬ ಕೊನೆಯ ಘಟ್ಟಕ್ಕೆ ಹೋಗಿ ಕಿರೀಟಕ್ಕಾಗಿ ಹೋರಾಡುತ್ತವೆ.

ಉಳಿದವರ ಪಾಡೇನು? ಅವರಿಗಾಗಿಯೇ ‘ಡ್ರಾಫ್ಟ್’ ಎಂಬ ಏರ್ಪಾಡು. ಹೊಸದಾಗಿ ವೃತ್ತಿಗೆ ಬರುವ ತರುಣರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಸೋತವರಿಗೆ ಮೊದಲ ಸರದಿ. ಈ ಉಪಾಯವನ್ನು ೧೯೩೫ರಲ್ಲಿ ಸೂಚಿಸಿದವನು ಫಿಲಡೆಲ್ಫಿಯ ನಗರದ ಅಮೆರಿಕನ್ ಫುಟ್‌ಬಾಲ್ ತಂಡದ ಒಡೆಯ ಬರ್ಟ್ ಬೆಲ್. ಹಣವುಳ್ಳ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಸೆಳೆದುಕೊಂಡರೆ ಬಡ ತಂಡಗಳು ಮುಚ್ಚಿಹೋಗುತ್ತವೆಂಬುದು ಅವನ ಅಳಲು. ೧೯೩೬ರಲ್ಲಿ ಅದು ಫುಟ್‌ಬಾಲಿನಲ್ಲಿಯೂ, ೧೯೪೭ರಲ್ಲಿ ಬ್ಯಾಸ್ಕೆಟ್‌ಬಾಲಿನಲ್ಲಿಯೂ ಆಚರಣೆಗೆ ಬಂದಿತು. ಫಿಲಡೆಲ್ಫಿಯದ ಹೆಸರನ್ನು ನೆನಪಿನಲ್ಲಿಡಿ. ಕಥೆ ಮತ್ತೆ ಅಲ್ಲಿಗೇ ಬರುತ್ತದೆ.

ಬ್ಯಾಸ್ಕೆಟ್‌ಬಾಲಿನಲ್ಲಿ ಮೊದಲ ಸರದಿಯ ಬೆಲೆ ಬೇರೆ ಆಟಗಳಿಗಿಂತ ಹೆಚ್ಚು. ಅಂಗಳದಲ್ಲಿ ಒಂದು ಕಡೆಗೆ ಐದೇ ಜನ. ಹನ್ನೊಂದು ಜನರ ಕ್ರಿಕೆಟಿನಲ್ಲಿ ಒಬ್ಬ ಮಹಾ ಆಟಗಾರ ಬಂದರೆ ತಂಡಕ್ಕೆ ಬಲ ಬಂದೀತು. ಐವರ ಆಟದಲ್ಲಿ ಒಬ್ಬ ಬಂದರೆ ತಂಡವೇ ಬೇರೆಯಾದೀತು. ೧೯೬೬ರಿಂದ ಎರಡೂ ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಸರದಿಯನ್ನು ನಿರ್ಣಯಿಸುತ್ತಿದ್ದರು. ೧೯೬೯ರಲ್ಲಿ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಎರಡು ತಂಡಗಳು, ಫೀನಿಕ್ಸ್ ಮತ್ತು ಮಿಲ್ವಾಕಿ, ಎದುರುಬದುರಾದವು. ಫೀನಿಕ್ಸ್ ೧೬ ಪಂದ್ಯ ಗೆದ್ದಿತ್ತು, ಮಿಲ್ವಾಕಿ ೨೭. ಫೀನಿಕ್ಸಿನವರು ತಲೆ ಕೇಳಿದರು; ನಾಣ್ಯ ಇನ್ನೊಂದು ಮುಖ ತೋರಿಸಿತು. ಮಿಲ್ವಾಕಿಗೆ ಲೂ ಆಲ್ಸಿಂಡರ್, ಅಂದರೆ ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಲೋಕಪ್ರಸಿದ್ಧನಾದ ತರುಣ, ದೊರೆತನು. ೧೯೭೧ರಲ್ಲಿ ಮಿಲ್ವಾಕಿ ಚಾಂಪಿಯನ್ ಆಯಿತು.

ಇಂಥ ಭಾಗ್ಯವನ್ನು ಕಂಡ ಮೇಲೆ ಜಾಣ ಹುಡುಗನ ಲೆಕ್ಕ ಆರಂಭವಾಗುವುದು ಸಹಜ. ಹ್ಯೂಸ್ಟನ್ ತಂಡ ೧೯೮೩ರಲ್ಲಿ ೧೪ ಪಂದ್ಯ ಗೆದ್ದು ೬೮ ಸೋತು, ನಾಣ್ಯದಾಟದಲ್ಲಿ ಗೆದ್ದು, ರಾಲ್ಫ್ ಸ್ಯಾಂಪ್ಸನ್ ಎಂಬ ಏಳೂಕಾಲು ಅಡಿಗೂ ಮಿಕ್ಕಿದ ಆಟಗಾರನನ್ನು ಪಡೆಯಿತು. ಮರುವರ್ಷವೂ ೫೩ ಸೋಲುಗಳೊಡನೆ ತನ್ನ ವಿಭಾಗದ ತಳದಲ್ಲಿ ನಿಂತು, ಮತ್ತೆ ನಾಣ್ಯದಲ್ಲಿ ಗೆದ್ದು, ಹಕೀಮ್ ಒಲಾಜುವನ್ ಎಂಬವನನ್ನು ಆರಿಸಿಕೊಂಡಿತು. ಬೇಕೆಂದೇ ಸೋತರೆಂಬ ಮಾತು ಎಲ್ಲೆಲ್ಲೂ ಹಬ್ಬಿತು. ೧೯೮೫ರಲ್ಲಿ ಕೂಟದವರು ನಾಣ್ಯವನ್ನು ಬಿಟ್ಟು, ಪ್ಲೇ ಆಫ್ ಸೇರದ ಏಳು ತಂಡಗಳ ಹೆಸರನ್ನೂ ಲಕೋಟೆಗಳಲ್ಲಿಟ್ಟು ಲಾಟರಿ ಎತ್ತಿದರು. ಹೆಚ್ಚು ಸೋತವರಿಗೆ ಹೆಚ್ಚು ಸಂಭವವೆಂಬ ತಾರತಮ್ಯ ೧೯೯೦ರಲ್ಲಿ ಮತ್ತೆ ಸೇರಿಕೊಂಡಿತು.

ಬೇಕೆಂದು ಸೋಲುವುದನ್ನು ಸಮರ್ಥಿಸುವವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಅವರೆನ್ನುವುದು ಇಷ್ಟು: ತಂಡವನ್ನು ಹೊಸದಾಗಿ ಕಟ್ಟುವವನಿಗೆ ಅತ್ಯಂತ ಕೆಟ್ಟ ಸ್ಥಳ ಏಣಿಯ ನಡುಮೆಟ್ಟಿಲು. ವಯಸ್ಸಾದ ಆಟಗಾರರಿಗೆ ಹಣ ಸುರಿದು, ಅರೆಬರೆ ಗೆದ್ದು, ಎಂಟನೆಯವನಾಗಿ ಪ್ಲೇ ಆಫ್ ಸೇರಿ, ಮೊದಲ ಸುತ್ತಿನಲ್ಲೇ ಪೆಟ್ಟು ತಿಂದು ಬಂದರೆ ಕಿರೀಟವೂ ಇಲ್ಲ, ಒಳ್ಳೆಯ ಸರದಿಯೂ ಇಲ್ಲ. ಸಂಬಳದ ಮೊತ್ತಕ್ಕೆ ಕೂಟ ಮಿತಿ ಹಾಕಿದೆ. ಸಣ್ಣ ಊರುಗಳಿಗೆ ಹೆಸರಾಂತ ಆಟಗಾರರು ತಾವಾಗಿ ಬರುವುದಿಲ್ಲ. ಆದ್ದರಿಂದ ಎರಡು ಮೂರು ವರ್ಷ ತಳಕ್ಕಿಳಿದು ಮೇಲೇಳುವುದೇ ಬುದ್ಧಿವಂತಿಕೆ.

ಈ ವಾದವನ್ನು ಕೊನೆಯವರೆಗೆ ಒಯ್ದು ನೋಡಿದ್ದು ಬರ್ಟ್ ಬೆಲ್ಲನ ಊರಾದ ಫಿಲಡೆಲ್ಫಿಯವೇ. ೨೦೧೩ರಲ್ಲಿ ಅಲ್ಲಿನ ತಂಡದ ಆಡಳಿತ ವಹಿಸಿಕೊಂಡ ಸ್ಯಾಮ್ ಹಿಂಕಿ ಒಳ್ಳೆಯ ಆಟಗಾರರನ್ನು ಬಿಟ್ಟುಕೊಟ್ಟು ಮುಂಬರುವ ಸರದಿಗಳನ್ನು ಕೂಡಿಹಾಕತೊಡಗಿದರು. ತಂಡ ಮೂರು ವರ್ಷಗಳಲ್ಲಿ ಕ್ರಮವಾಗಿ ೧೯, ೧೮, ೧೦ ಪಂದ್ಯಗಳನ್ನು ಗೆದ್ದಿತು. ಒಟ್ಟು ಗೆಲವು ೪೭, ಸೋಲು ೧೯೯. ೨೦೧೬ರ ಏಪ್ರಿಲಿನಲ್ಲಿ ಹಿಂಕಿ ರಾಜೀನಾಮೆ ಕೊಟ್ಟರು. ಫಲ ಬರಲಿಲ್ಲವೆನ್ನಲಾಗದು. ೨೦೧೪ರಲ್ಲಿ ಮೂರನೆಯವನಾಗಿ ಆರಿಸಿದ ಕ್ಯಾಮರೂನ್ ದೇಶದ ಜೋಯೆಲ್ ಎಂಬೀಡ್, ಪಾದದ ನೋವಿನಿಂದ ಎರಡು ವರ್ಷ ಅಂಗಳಕ್ಕಿಳಿಯದಿದ್ದರೂ, ೨೦೨೩ರಲ್ಲಿ ಕೂಟದ ಸರ್ವಶ್ರೇಷ್ಠ ಆಟಗಾರನೆನಿಸಿದನು. ಆದರೆ ೨೦೧೬ರ ಮೊದಲ ಸರದಿಯ ಬೆನ್ ಸಿಮ್ಮನ್ಸ್, ೨೦೧೭ರ ಮೊದಲ ಸರದಿಯ ಮಾರ್ಕೆಲ್ ಫುಲ್ಟ್ಸ್ ಇಬ್ಬರೂ ಅಲ್ಲಿ ನಿಲ್ಲಲಿಲ್ಲ. ೨೦೧೮, ೨೦೧೯, ೨೦೨೧, ೨೦೨೨, ೨೦೨೩, ಈ ಐದು ವರ್ಷಗಳಲ್ಲಿಯೂ ತಂಡ ಪ್ಲೇ ಆಫಿನ ಎರಡನೆಯ ಸುತ್ತಿನಲ್ಲಿ ಸೋತಿತು.

೨೦೧೯ರ ಸೋಲು ವಿಶೇಷವಾದದ್ದು. ಏಳನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಟೊರಾಂಟೊದ ಕವಾಯ್ ಲೆನರ್ಡ್ ಎಸೆದ ಚೆಂಡು ಬಳೆಯ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿದ್ದಿತು. ಆ ವರ್ಷ ಟೊರಾಂಟೊ ಚಾಂಪಿಯನ್. ಅದು ೨೦೧೪ರಿಂದ ಒಂದು ವರ್ಷವೂ ತಪ್ಪದೆ ಪ್ಲೇ ಆಫ್ ಸೇರುತ್ತಿದ್ದ ತಂಡ. ಅದರ ಮುಖ್ಯ ಆಟಗಾರರಲ್ಲೊಬ್ಬನಾದ ಪಾಸ್ಕಲ್ ಸಿಯಾಕಮ್‌ನನ್ನು ಆರಿಸಿದ್ದು ೨೦೧೬ರಲ್ಲಿ, ಇಪ್ಪತ್ತೇಳನೆಯ ಸರದಿಯಲ್ಲಿ!

ಮಿಲ್ವಾಕಿಯ ಎರಡನೆಯ ಕಥೆ ಇನ್ನೂ ಬೋಧಪ್ರದ. ೨೦೧೩ರಲ್ಲಿ ಅದು ೩೮ ಪಂದ್ಯ ಗೆದ್ದು, ಎಂಟನೆಯವನಾಗಿ ಪ್ಲೇ ಆಫ್ ಸೇರಿ, ಮೊದಲ ಸುತ್ತಿನಲ್ಲಿ ನಾಲ್ಕಕ್ಕೆ ನಾಲ್ಕೂ ಸೋತಿತು. ಎಲ್ಲರೂ ಹೀಗಳೆಯುವ ಆ ನಡುಮೆಟ್ಟಿಲಿನಲ್ಲಿ ಸಿಕ್ಕಿದ್ದು ಹದಿನೈದನೆಯ ಸರದಿ. ಆರಿಸಿದ್ದು ಗ್ರೀಸ್ ದೇಶದ ಯಾನಿಸ್ ಅಂಟೆಟೊಕೂಂಪೊ ಎಂಬ ಹದಿನೆಂಟರ ಹುಡುಗನನ್ನು. ಮರುವರ್ಷ ತಂಡ ೧೫ ಪಂದ್ಯವಷ್ಟೇ ಗೆದ್ದು ಎರಡನೆಯ ಸರದಿ ಪಡೆಯಿತು. ಆಗ ಬಂದ ಜಬಾರಿ ಪಾರ್ಕರ್ ಮೊಣಕಾಲಿನ ಪೆಟ್ಟಿನಿಂದ ಕುಗ್ಗಿಹೋದ. ೨೦೨೧ರಲ್ಲಿ ಮಿಲ್ವಾಕಿಗೆ ಐವತ್ತು ವರ್ಷಗಳ ಮೇಲೆ ಕಿರೀಟ ತಂದವನು ಹದಿನೈದನೆಯ ಸರದಿಯ ಯಾನಿಸ್. ಫೈನಲಿನಲ್ಲಿ ಸೋತವರು ಯಾರೆಂದಿರಿ? ೧೯೬೯ರಲ್ಲಿ ನಾಣ್ಯ ಸೋತ ಅದೇ ಫೀನಿಕ್ಸ್!

ಕೂಟದವರೂ ಸುಮ್ಮನಿರಲಿಲ್ಲ. ೨೦೧೯ರಿಂದ ತಳದ ಮೂರು ತಂಡಗಳಿಗೂ ಮೊದಲ ಸರದಿಯ ಸಂಭವ ನೂರಕ್ಕೆ ೧೪ ಎಂದು ಸಮ ಮಾಡಿದರು. ೨೦೨೩, ೨೦೨೪, ೨೦೨೫, ಮೂರು ವರ್ಷವೂ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಸಿಕ್ಕಿದ್ದು ಐದನೆಯ ಸರದಿ. ೨೦೨೫ರಲ್ಲಿ ಸಾವಿರಕ್ಕೆ ೧೮ರಷ್ಟು ಸಂಭವವಿದ್ದ ಡಲ್ಲಾಸ್ ಮೊದಲ ಸರದಿಯನ್ನು ಗೆದ್ದಿತು. ಎರಡು ಸಲ ಹೀಗೆ ಐದಕ್ಕಿಳಿದ ಡೆಟ್ರಾಯಿಟ್, ೨೦೨೩-೨೪ರಲ್ಲಿ ಒಂದೇ ಸಮನೆ ೨೮ ಪಂದ್ಯ ಸೋತು, ಒಟ್ಟು ೧೪ ಮಾತ್ರ ಗೆದ್ದಿತ್ತು. ಮರುವರ್ಷ ತರುಣರನ್ನು ಉಳಿಸಿಕೊಂಡು, ಅವರ ನಡುವೆ ಕೆಲವರು ಅನುಭವಿಗಳನ್ನು ನಿಲ್ಲಿಸಿ, ಹೊಸ ತರಬೇತುದಾರನನ್ನು ತಂದಿತು. ಗೆಲವು ೪೪ಕ್ಕೇರಿತು, ತಂಡ ಪ್ಲೇ ಆಫ್ ಸೇರಿತು.

“ಹಾಗಾದರೆ ೨೦೨೫ರ ಚಾಂಪಿಯನ್ ಒಕ್ಲಹಾಮ ನಗರದ ತಂಡ? ಅದು ೨೦೨೧ರಲ್ಲಿಯೂ ೨೦೨೨ರಲ್ಲಿಯೂ ಸೋತು ಸೋತು ಮೇಲೆದ್ದಿತಲ್ಲ?” ಎಂದು ತಾವು ಕೇಳಬಹುದು. ನಿಜ, ಸೋತ ಫಲವಾಗಿ ಎರಡನೆಯ ಸರದಿಯಲ್ಲಿ ಚೆಟ್ ಹೋಮ್‌ಗ್ರೆನ್ ಎಂಬ ಒಳ್ಳೆಯ ಆಟಗಾರ ಅದಕ್ಕೆ ದೊರೆತನು. ಆದರೆ ಅದರ ನಾಯಕಮಣಿ ಶೇ ಗಿಲ್ಜಸ್ ಅಲೆಕ್ಸಾಂಡರ್ ೨೦೧೯ರಲ್ಲಿ ಬೇರೆ ತಂಡದಿಂದ ವಿನಿಮಯವಾಗಿ ಬಂದವನು. ಮತ್ತೊಬ್ಬ ಮುಖ್ಯ ಆಟಗಾರ ಜೇಲೆನ್ ವಿಲಿಯಮ್ಸ್ ಹನ್ನೆರಡನೆಯ ಸರದಿಯವನು. ಸೋಲು ಅವರಿಗೆ ಒಬ್ಬನನ್ನು ಕೊಟ್ಟಿತು. ಉಳಿದವರನ್ನು ಗುರುತಿಸಿದ್ದು ಅವರ ಕಣ್ಣು.

ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ಎಂಟನೆಯ ಸ್ಥಾನದ ಚಪಲಕ್ಕೆ ನಾಳಿನ ಹುಡುಗರನ್ನು ಮಾರಿ ಮುದುಕರನ್ನು ತರುವುದು ತಪ್ಪು. ಹುಡುಗರನ್ನು ಆಡಿಸಿ, ಅವರು ಕಲಿಯುತ್ತ ಸೋತರೆ ಅದು ತಪ್ಪಲ್ಲ, ಕಲಿಯುವವನು ಎಡವುತ್ತಾನೆ. ಸೋಲಲೆಂದೇ ಆಡಿಸುವುದು ಮಾತ್ರ ಬೇರೆ. ಮೊದಲ ಸರದಿಯಲ್ಲಿ ಬಂದ ಹತ್ತೊಂಬತ್ತರ ಹುಡುಗನೂ ಅದೇ ಮನೆಯಲ್ಲಿ ಬೆಳೆಯಬೇಕು. ಸೋತರೂ ಯಾರೂ ಬೇಸರಪಡದ ಮನೆಯಲ್ಲಿ ಅವನು ಗೆಲ್ಲುವುದನ್ನು ಯಾರಿಂದ ಕಲಿತಾನು? ಹಣ ತೆತ್ತು ಮಕ್ಕಳನ್ನು ಕರೆದುಕೊಂಡು ಬಂದು ೧೯೯ ಸೋಲುಗಳನ್ನು ನೋಡಿದ ಫಿಲಡೆಲ್ಫಿಯದ ಪ್ರೇಕ್ಷಕನಿಗೆ, ಅಂದು ತನ್ನವರು ಗೆಲ್ಲಲು ಯತ್ನಿಸುತ್ತಾರೆಂಬ ಭರವಸೆಯಷ್ಟಾದರೂ ಸಲ್ಲಬೇಕಾಗಿತ್ತು.

ನಮ್ಮ ತರಗತಿಯ ಜಾಣ ಹುಡುಗನಿಗೂ ನಾನು ಹೇಳುವುದು ಇದನ್ನೇ. ಪೆಟ್ಟಿಗೆಯಲ್ಲಿ ಹದಿನೈದನೆಯವನಾಗಿ ಎತ್ತಿಕೊಂಡರೂ ಒಳ್ಳೆಯ ಪುಸ್ತಕ ಸಿಕ್ಕೀತಪ್ಪ. ಓದುವ ಅಭ್ಯಾಸವನ್ನು ಮಾತ್ರ ಉಳಿಸಿಕೊಂಡಿರು.