ಎರಡು ಸ್ಪೂನ್ ಕಳಿಸಿ: ಒಂದು ಕಾಯಿಲೆಗೆ ಹೆಸರು ಸಿಕ್ಕ ಕಥೆ

ಮೂರು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದೂವರೆಗೆ ಫೋನಲ್ಲಿ ಊಟ ಆರ್ಡರ್ ಮಾಡುವಾಗ ತಪ್ಪದೆ ಒಂದು ಸೂಚನೆ ಟೈಪ್ ಮಾಡ್ತಿದ್ದೆ: ‘ಎರಡು ಸ್ಪೂನ್ ಕಳಿಸಿ’. ಮನೇಲಿ ಇದ್ದದ್ದು ನಾನೊಬ್ಬನೇ. ಎರಡು ಬಿರಿಯಾನಿ, ಒಂದು ಪ್ಲೇಟ್ ಕಬಾಬ್, ಒಂದು ಡಬ್ಬಿ ಐಸ್‌ಕ್ರೀಂ ಎಲ್ಲ ಒಬ್ಬನಿಗೇ ಅಂತ ಹೋಟೆಲ್‌ನವರಿಗೆ ಗೊತ್ತಾಗಬಾರದು, ಅಷ್ಟೆ. ಹಸಿವಿಲ್ಲದಿದ್ದರೂ ಗಬಗಬ ತಿನ್ನುತ್ತಿದ್ದೆ. ಸಾಕು ಅಂತ ತಲೆ ಹೇಳಿದರೂ ಕೈ ಕೇಳುತ್ತಿರಲಿಲ್ಲ. ಆಮೇಲೆ ಖಾಲಿ ಡಬ್ಬಿಗಳನ್ನು ಎರಡು ಮಹಡಿ ಕೆಳಗಿಳಿದು ಅಲ್ಲಿನ ಕಸದ ಬುಟ್ಟಿಗೆ ಹಾಕಿ ಬರ್ತಿದ್ದೆ.

ಅದಕ್ಕೂ ಎರಡು ಗಂಟೆ ಮೊದಲು ಊರಿಂದ ಅಮ್ಮ ಫೋನ್ ಮಾಡಿ “ಊಟ ಆಯ್ತೇನಪ್ಪ?” ಅಂದಾಗ “ಆಯ್ತಮ್ಮ, ಬರೀ ಸೌತೆಕಾಯಿ, ಕ್ಯಾರೆಟ್ಟು” ಅಂದಿರುತ್ತಿದ್ದೆ. ಅದು ಸುಳ್ಳೇನೂ ಅಲ್ಲ. ತಂಗಿ ಮದುವೆಯೊಳಗೆ ತೂಕ ಇಳಿಸಬೇಕು ಅಂತ ಡಯಟ್ ಆ್ಯಪ್ ಹಾಕಿಕೊಂಡಿದ್ದೆ. ದಿನಕ್ಕೆ 1,400 ಕ್ಯಾಲೊರಿ ಅಂತ ಅದರ ಲೆಕ್ಕ.

ನಮ್ಮೂರಲ್ಲಿ ಇಂಥವರಿಗೆ ಇದ್ದದ್ದು ಒಂದೇ ಪದ, ಹೊಟ್ಟೆಬಾಕ. ನಾನೂ ನನಗೆ ಅದನ್ನೇ ಅಂದುಕೊಳ್ತಿದ್ದೆ. ಆದರೆ ಕೋಡ್ ಬರೆಯೋನಿಗೆ ಒಂದು ಚಟ ಇರುತ್ತೆ. ಒಂದು ಬಗ್ ಯಾಕೆ ಬಂತು ಅಂತ ತಿಳಿಯದಿದ್ದರೆ ಹಿಸ್ಟರಿ ತೆಗೆದು ಹಿಂದಕ್ಕೆ ಹೋಗೋದು. ಹಾಗೆ ಹೋದಾಗ ಸಿಕ್ಕಿದ್ದು ಈ ಕಥೆ.

ಇದು ಶುರುವಾಗೋದು ತಿನ್ನೋದರಿಂದ ಅಲ್ಲ, ಹಸಿವಿನಿಂದ. 1944ರ ನವೆಂಬರ್. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಜನ ಉಪವಾಸ ಬಿದ್ದಿದ್ದರು. ಅಂಥವರಿಗೆ ಮತ್ತೆ ಊಟ ಕೊಡುವುದು ಹೇಗೆ, ಎಷ್ಟು ಅಂತ ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಒಂದು ಪ್ರಯೋಗಕ್ಕೆ ಇಳಿದರು. ಒಪ್ಪಿ ಬಂದವರು 36 ಯುವಕರು. ಆತ್ಮಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲ್ಲ ಅಂದಿದ್ದವರು. ದೇಹ, ಮನಸ್ಸು ಎರಡೂ ಗಟ್ಟಿ ಅಂತ ಪರೀಕ್ಷೆ ಮಾಡಿಯೇ ಆರಿಸಿದ್ದರು. ಲ್ಯಾಬ್ ಇದ್ದದ್ದು ಫುಟ್‌ಬಾಲ್ ಸ್ಟೇಡಿಯಮ್ಮಿನ ಕೆಳಗೆ.

ಮೊದಲ 12 ವಾರ ಹೊಟ್ಟೆ ತುಂಬ ಊಟ. ಆಮೇಲೆ 24 ವಾರ ಅರೆಹೊಟ್ಟೆ: ದಿನಕ್ಕೆ ಎರಡೇ ಊಟ, ಆಲೂಗಡ್ಡೆ, ಎಲೆಕೋಸು, ಬ್ರೆಡ್ಡು. ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ. ಮೈತೂಕದ ಹತ್ತಿರ ಹತ್ತಿರ ಕಾಲು ಭಾಗ ಕರಗಿಹೋಯಿತು. ಅದಕ್ಕಿಂತ ವಿಚಿತ್ರವಾದದ್ದು ತಲೆಯೊಳಗೆ ನಡೆಯಿತು. ಅಡುಗೆ ಪುಸ್ತಕಗಳನ್ನು ಕಾದಂಬರಿ ಥರ ಓದತೊಡಗಿದರು. ತಟ್ಟೆ ನೆಕ್ಕಿದರು. ಊಟ ಬಿಟ್ಟು ಬೇರೆ ಯಾವುದರ ಮೇಲೂ ಆಸಕ್ತಿ ಉಳಿಯಲಿಲ್ಲ. ಕೊನೆಗೆ ಊಟದ ಕಟ್ಟುಪಾಡು ಸಡಿಲಿಸಿದಾಗ, ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದೂ ಇನ್ನೂ ಹಸಿವು ಅಂದರು. ಸಾಕು ಅನ್ನಿಸೋದೇ ನಿಂತುಹೋಗಿತ್ತು. ಕೀಸ್ ತಂಡ ಇದನ್ನೆಲ್ಲ 1950ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಪ್ರಕಟಿಸಿತು.

ಆ ಅರೆಹೊಟ್ಟೆ ದಿನಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸರಾಸರಿ 1,600 ಕ್ಯಾಲೊರಿ ಆಸುಪಾಸು. ಅದನ್ನು ಓದಿದ ರಾತ್ರಿ ನನ್ನ ಆ್ಯಪಿನ 1,400 ನೆನಪಾಗಿ ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತಿದ್ದೆ.

ಕಾಯಿಲೆ ಅಂತ ಇದನ್ನು ಮೊದಲು ಗುರುತಿಸಿದವರಲ್ಲಿ ಮುಖ್ಯರು ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್. ದಪ್ಪಗಿರುವವರೆಲ್ಲ ಒಂದೇ ಥರ ತಿನ್ನಲ್ಲ ಅಂತ 1959ರಲ್ಲಿ ಬರೆದರು. ಕೆಲವರು ರಾತ್ರಿ ಹೊತ್ತು ತಿನ್ನುತ್ತಾರೆ, ಕೆಲವರಿಗೆ ತೃಪ್ತಿಯೇ ಆಗಲ್ಲ, ಇನ್ನು ಕೆಲವರು ಒಮ್ಮಿಂದೊಮ್ಮೆಗೆ ವಿಪರೀತ ತಿಂದು ಆಮೇಲೆ ಕೊರಗುತ್ತಾರೆ. ಈ ಕೊನೆಯದಕ್ಕೆ ಅವರು ಬಳಸಿದ ಪದ ಬಿಂಜ್ ಈಟಿಂಗ್. ವೀಕೆಂಡಲ್ಲಿ ಒಂದು ಸೀರೀಸ್ ಪೂರ್ತಿ ನೋಡಿ ಬಿಂಜ್ ಮಾಡ್ದೆ ಅಂತೀವಲ್ಲ, ಅದೇ ಬಿಂಜ್.

ಪದ ಸಿಕ್ಕಿದರೂ ಜಾಗ ಸಿಗಲಿಲ್ಲ. 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ ಬುಲಿಮಿಯಾ ನರ್ವೋಸಾ ಬಗ್ಗೆ ಬರೆದರು. ವಿಪರೀತ ತಿಂದು, ಆಮೇಲೆ ತೂಕ ಏರಬಾರದು ಅಂತ ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು ಅದರ ಲಕ್ಷಣ. ಮರುವರ್ಷ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂಗೆ ಬುಲಿಮಿಯಾ ಸೇರಿತು. ಆದರೆ 1987ರ ಪರಿಷ್ಕರಣೆಯಲ್ಲಿ, ತಿಂದದ್ದನ್ನು ಕಳೆಯುವ ಇಂಥ ಪ್ರಯತ್ನ ಇದ್ದರೆ ಮಾತ್ರ ಬುಲಿಮಿಯಾ ಅಂತ ಬಿಗಿ ಮಾಡಿದರು. ತಿಂದು, ಏನೂ ಮಾಡದೆ, ಬರೀ ನಾಚಿಕೆಯಲ್ಲಿ ಮಲಗುವವರು ‘ಇತರೆ’ ಅನ್ನೋ ಖಾನೆಗೆ ಬಿದ್ದರು. 1994ರಲ್ಲಿ ಬಿಂಜ್ ಈಟಿಂಗ್ ಡಿಸಾರ್ಡರ್ ಕೈಪಿಡಿಯೊಳಗೆ ಬಂತು, ಅದೂ ಅನುಬಂಧದಲ್ಲಿ, ಇನ್ನಷ್ಟು ಅಧ್ಯಯನ ಬೇಕಾದವುಗಳ ಪಟ್ಟಿಯಲ್ಲಿ. ನಮ್ಮ ಭಾಷೇಲಿ ಹೇಳೋದಾದರೆ ಟಿಕೆಟ್ 19 ವರ್ಷ ‘ಪೆಂಡಿಂಗ್’ ಇತ್ತು.

2013ರ ಐದನೇ ಆವೃತ್ತಿಯಲ್ಲಿ ಅದು ಪೂರ್ಣ ಪ್ರಮಾಣದ ಕಾಯಿಲೆ ಅಂತ ದಾಖಲಾಯಿತು. ಕೈಮೀರಿ ತಿನ್ನೋದು ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳು ನಡೆದಿರಬೇಕು. ಬೇಗ ಬೇಗ ತಿನ್ನೋದು, ಹೊಟ್ಟೆ ನೋಯುವಷ್ಟು ತಿನ್ನೋದು, ಹಸಿವಿಲ್ಲದೆ ತಿನ್ನೋದು, ನಾಚಿಕೆಯಿಂದ ಒಬ್ಬರೇ ತಿನ್ನೋದು, ಆಮೇಲೆ ತನ್ನ ಮೇಲೇ ಹೇಸಿಗೆ ಪಡೋದು: ಈ ಐದರಲ್ಲಿ ಮೂರಾದರೂ ಇರಬೇಕು. ದಪ್ಪ ಇರಬೇಕು ಅಂತ ಎಲ್ಲೂ ಇಲ್ಲ. ಸ್ಟಂಕಾರ್ಡ್ 2014ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. 1959ರಲ್ಲಿ ತಾವು ಬರೆದದ್ದಕ್ಕೆ ಜಾಗ ಸಿಕ್ಕಿದ್ದನ್ನು ನೋಡಿಯೇ ಹೋದರು.

ಎಲ್ಲರೂ ಒಪ್ಪಿದರು ಅಂತಲ್ಲ. ಹಿಂದಿನ ಆವೃತ್ತಿಯ ಮುಖ್ಯಸ್ಥರಾಗಿದ್ದ ಅಲೆನ್ ಫ್ರಾನ್ಸಿಸ್ ಅವರೇ ಇದನ್ನು ಟೀಕಿಸಿದರು. ಮೂರು ತಿಂಗಳಲ್ಲಿ 12 ಸಲ ಜಾಸ್ತಿ ತಿಂದರೆ ಅದೂ ಮನೋರೋಗವೇ ಅನ್ನೋದು ಅವರ ತಕರಾರು. ತಕರಾರು ನ್ಯಾಯವಾದದ್ದೇ. ಹಬ್ಬದಲ್ಲಿ ಆರು ಹೋಳಿಗೆ ತಿಂದವರೆಲ್ಲ ರೋಗಿಗಳಲ್ಲ. ಆದರೆ ಹಬ್ಬದ ಹೋಳಿಗೆಯನ್ನು ಯಾರೂ ಬಚ್ಚಿಟ್ಟುಕೊಂಡು ತಿನ್ನಲ್ಲ. ವ್ಯತ್ಯಾಸ ಇರೋದು ಎಷ್ಟು ತಿಂದೆ ಅನ್ನೋದರಲ್ಲಿ ಮಾತ್ರ ಅಲ್ಲ, ನಿಲ್ಲಿಸೋಕೆ ಆಯ್ತಾ ಅನ್ನೋದರಲ್ಲಿ.

ಹೆಸರು ಸಿಕ್ಕಿದರೆ ಏನು ಬಂತು ಅಂತ ಕೇಳಬಹುದು. ಹೆಸರಿದ್ದರೆ ಚಿಕಿತ್ಸೆಗೆ ದಾರಿ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ 1980ರ ದಶಕದಿಂದ ಬುಲಿಮಿಯಾಕ್ಕೆ ಬೆಳೆಸಿದ ಚಿಕಿತ್ಸೆಯೇ ಇದಕ್ಕೂ ಒದಗಿತು. ಅದರ ತಿರುಳು, ಕಠಿಣ ಪಥ್ಯವೇ ಕೈಮೀರಿ ತಿನ್ನುವುದಕ್ಕೆ ಸೌದೆ ಅನ್ನೋದು. ಹಾಗಾಗಿ ಮೊದಲ ಹೆಜ್ಜೆ ಕಡಿಮೆ ತಿನ್ನೋದಲ್ಲ, ಹೊತ್ತಿಗೆ ಸರಿಯಾಗಿ ತಿನ್ನೋದು: ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ಸಣ್ಣ ತಿಂಡಿ. ತಿಂದಾಗಲೇ ಬರೆದಿಡೋದು, ಆಗ ಮನಸ್ಸಲ್ಲಿ ಏನಿತ್ತು ಅನ್ನೋದನ್ನೂ ಸೇರಿಸಿ. ತಿನ್ನಲೇಬಾರದು ಅಂತ ದೂರ ಇಟ್ಟದ್ದನ್ನು ಮೆಲ್ಲಗೆ ವಾಪಸ್ ತಟ್ಟೆಗೆ ತರೋದು. 2015ರಲ್ಲಿ ಅಮೆರಿಕ ಲಿಸ್‌ಡೆಕ್ಸ್‌ಆಂಫೆಟಮಿನ್ ಅನ್ನೋ ಮಾತ್ರೆಗೂ ಈ ಕಾಯಿಲೆಗೆ ಅನುಮತಿ ಕೊಟ್ಟಿತು. ಅದು ಚಟ ಹಿಡಿಸಬಹುದಾದ ಔಷಧ, ತೂಕ ಇಳಿಸೋಕೆ ಅಲ್ಲ. ಎಲ್ಲರದ್ದೂ ಡಯಟ್ಟಿಂದಲೇ ಶುರುವಾಗಲ್ಲ ಅನ್ನೋದೂ ನೆನಪಿರಲಿ. ಕೆಲವರಿಗೆ ಅದು ದುಃಖ, ಒಂಟಿತನ, ಮೈ ಬಗ್ಗೆ ಕೇಳಿಸಿಕೊಂಡ ಮಾತು.

ನಾನು ಕೊನೆಗೆ ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಮೊದಲ ದಿನ ಅವರು ಹೇಳಿದ್ದು “ಬೆಳಗ್ಗೆ ತಿಂಡಿ ತಿನ್ನಿ” ಅಂತ. ಇದಕ್ಕಾ ಫೀಸು ಅನ್ನಿಸಿತ್ತು! ಹೊತ್ತು ಹೊತ್ತಿಗೆ ಉಣ್ಣು ಅಂತ ಅಮ್ಮ ಬಿಟ್ಟಿಯಾಗೇ ಹೇಳ್ತಿದ್ದರಲ್ಲ. ಆ ಆ್ಯಪ್ ತೆಗೆದು ಹಾಕಿದೆ. ತೂಕ ಅಷ್ಟೇನೂ ಇಳಿದಿಲ್ಲ. ತೂಕ ಇಳಿಸೋದು ಈ ಚಿಕಿತ್ಸೆಯ ಗುರಿಯೂ ಅಲ್ಲ. ರಾತ್ರಿಯ ಆರ್ಡರ್ ಮಾತ್ರ ವಾರಕ್ಕೆ ನಾಲ್ಕರಿಂದ ತಿಂಗಳಿಗೆ ಒಂದಕ್ಕೆ ಬಂದಿದೆ.

ಈಗ ನನ್ನನ್ನು ಕಾಡೋದು ನಮ್ಮ ಸೋದರತ್ತೆ. ಹಗಲೆಲ್ಲ ಎಲ್ಲರಿಗೂ ಬಡಿಸಿ, ಕೊನೆಗೆ ತಳದಲ್ಲಿ ಉಳಿದಿದ್ದು ಉಂಡು, ರಾತ್ರಿ ಎಲ್ಲ ಮಲಗಿದ ಮೇಲೆ ಉಗ್ರಾಣದಲ್ಲಿ ಕತ್ತಲಲ್ಲೇ ಕೂತು ತಿನ್ನೋರು. ಮನೆಯವರು ಗುಡಾಣ ಅಂತ ಆಡಿಕೊಳ್ಳೋರು. ಎಂಟು ವರ್ಷದ ನಾನೂ ಹಾಗೆ ಕರೆದು ನಕ್ಕಿದ್ದೆ. ಅವರಿಗೂ ಇದೇ ಇತ್ತು ಅನ್ನೋಕೆ ನಾನು ಡಾಕ್ಟರಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ.

ನೀವೂ ಎರಡು ಸ್ಪೂನ್ ತರಿಸಿಕೊಳ್ಳೋರಾದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ಹೊಟ್ಟೆಬಾಕ ಅಂತ ನಿಮ್ಮನ್ನು ನೀವೇ ಬೈದುಕೊಳ್ಳೋ ಮುಂಚೆ ಒಂದು ಫೋನ್ ಮಾಡಿ. ಮೊನ್ನೆ ಅಮ್ಮ “ಊಟ ಆಯ್ತೇನಪ್ಪ?” ಅಂದರು. “ಆಯ್ತಮ್ಮ, ಅನ್ನ ಸಾರು. ಆದ್ರೆ ನಿನಗೊಂದು ವಿಷಯ ಹೇಳಬೇಕು” ಅಂದೆ.