82 ಸಲ ಓದಿದ ಹಾಡು

ಸುಲ್ತಾನ್ ಬತ್ತೇರಿಯ ನಮ್ಮ ಮನೆಗೆ ಕನ್ನಡದ ಹಾಡು ಬರುತ್ತಿದ್ದುದು ಬಸ್ಸಿನಲ್ಲಿ. ಕಾಫಿ ಮಾರಿದ ಮೇಲೆ ಅಪ್ಪ ಮುತ್ತಂಗ, ಗುಂಡ್ಲುಪೇಟೆ ದಾಟಿ ಮೈಸೂರಿಗೆ ಹೋಗಿ ಭಾವಗೀತೆಯ ಸಿಡಿ ತರುತ್ತಿದ್ದರು. ನಾವು ವಯನಾಡಿನ ಜೈನ ಗೌಡರು. ಮನೆಮಾತು ಕನ್ನಡ, ಶಾಲೆಯಲ್ಲಿ ಕಲಿತದ್ದು ಮಲಯಾಳಂ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ದನಿಯೇ ನನಗೆ ಕನ್ನಡದ ಪಾಠವಾಯಿತು.

ಇಲ್ಲಿನ ಮಳೆಗಾಲಕ್ಕೆ ಕಾಗದ ಉಳಿಯದು. ಸಿಡಿ ಕವರುಗಳಿಗೆ ಬೂಷ್ಟು ಹಿಡಿಯಿತು, ತಟ್ಟೆಗಳಲ್ಲಿ ಗೀರು ಬಿತ್ತು. 2008ರ ಆಷಾಢದಲ್ಲಿ ಒಂದು ಹಾಡು ನಡುವೆ ತೊದಲತೊಡಗಿದಾಗ, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಲು ಕೂತೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ, ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಅಂಕಿಯಾಗಿಸಿ ಇಟ್ಟುಕೊಂಡಿರುತ್ತದೆ. ಗೀರಿನಿಂದ ಅಂಕಿ ಸಿಗದ ಕಡೆ ಪ್ಲೇಯರು ಅಕ್ಕಪಕ್ಕದ್ದನ್ನು ನೋಡಿ ಅಂದಾಜಿನಲ್ಲಿ ತುಂಬಿ ಮುಂದೆ ಸಾಗುತ್ತದೆ. ಕೇಳಲು ಅಷ್ಟು ಸಾಕು, ನಕಲಿಗೆ ಸಾಲದು. ಜರ್ಮನಿಯ ಆಂಡ್ರೆ ವೀಟ್‌ಹೋಫ್ 1998ರಲ್ಲಿ ಹೊರತಂದ, ನಾನು ಬಳಸಿದ 'ಎಕ್ಸ್ಯಾಕ್ಟ್ ಆಡಿಯೋ ಕಾಪಿ' ತಂತ್ರಾಂಶ ಈ ಅಂದಾಜನ್ನು ನಂಬುವುದಿಲ್ಲ. ಪ್ರತಿ ತುಣುಕನ್ನೂ ಎರಡು ಸಲ ಓದುತ್ತದೆ. ತಾಳೆಯಾಗದಿದ್ದರೆ ಇನ್ನೂ 16 ಸಲ ಓದಿ, ಅದರಲ್ಲಿ 8 ಒಂದೇ ಆದರೆ ಒಪ್ಪುತ್ತದೆ. ಇಲ್ಲವಾದರೆ ಮತ್ತೆ ಓದುತ್ತದೆ, ಹೆಚ್ಚೆಂದರೆ 82 ಸಲ. ಆಗಲೂ ಸೋತರೆ ಸಂಶಯ ಇರುವುದು ಎಲ್ಲಿ ಎಂದು ಬರೆದಿಡುತ್ತದೆ.

ಆ ರಾತ್ರಿ ನನಗೆ ನೆನಪಾದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣವನ್ನು ಹತ್ತನೆಯ ಶತಮಾನದಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದ ತಾಯಿ. ನಮ್ಮಲ್ಲಿ ಅದಕ್ಕೆ ಶಾಸ್ತ್ರದಾನ ಎನ್ನುತ್ತಾರೆ. ಓಲೆಗರಿಗೆ ಹುಳ ಬೀಳುವ ಮೊದಲು ಇನ್ನೊಂದು ಓಲೆಗೆ ಇಳಿಸಿದ್ದರಿಂದಲೇ ನಮ್ಮ ಕಾವ್ಯ ಉಳಿಯಿತು.

ಹಾಡುಗಳನ್ನು ಎಂಪಿ3 ಮಾಡಲಿಲ್ಲ, ಅದು ಗಾತ್ರ ಇಳಿಸಲು ದನಿಯ ಕೆಲವಂಶ ಬಿಟ್ಟುಬಿಡುತ್ತದೆ. ಒಂದಂಕಿಯನ್ನೂ ಬಿಡದ, 2001ರಲ್ಲಿ ಬಂದ ಫ್ಲ್ಯಾಕ್ ರೂಪದಲ್ಲಿ ಇಟ್ಟೆ. ಹೆಸರುಗಳಿಗೆ ಮಾತ್ರ ಯಂತ್ರದ ನೆರವು ಸಿಗಲಿಲ್ಲ. ಪರದೆಯ ಮೇಲೆ 'ಟ್ರ್ಯಾಕ್ 1, ಟ್ರ್ಯಾಕ್ 2' ಎಂದಷ್ಟೇ ಇತ್ತು. ಬೂಷ್ಟು ಒರೆಸುತ್ತಾ ಅಮ್ಮ ಕವರು ಓದಿದರು. ಒಂದೊಂದೇ ಅಕ್ಷರ ಹುಡುಕಿ ನಾನು ಕನ್ನಡದಲ್ಲಿ ಒತ್ತಿದೆ. ನಾನು ಕನ್ನಡ ಬರೆಯಲು ಕಲಿತದ್ದು ಹಾಗೆ.

ತೊದಲುತ್ತಿದ್ದ ಹಾಡು 82 ಸಲಕ್ಕೂ ಸರಿಯಾಗಲಿಲ್ಲ. ಅದರ ಸಂಶಯದ ಚೀಟಿಯನ್ನೂ ಪಕ್ಕದಲ್ಲೇ ಉಳಿಸಿದ್ದೇನೆ. ಆ ಜಾಗ ಬಂದಾಗ ಅಡುಗೆಮನೆಯಿಂದ ಅಮ್ಮ ಸಾಲು ತುಂಬುತ್ತಾರೆ.